ಅತ್ತೆಯ ಬೆನ್ನುಮೂಳೆಯ ಚಾತುರ್ಮಾಸ್ಯ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವಾಗ ಏಳುವ ಆ ಹುಳಿ ವಾಸನೆ ಮೂಗಿಗೆ ಬಂದರೆ ಸಾಕು, ನನಗೆ ಆ ವರ್ಷದ ಮಳೆಗಾಲ ಪೂರ್ತಿ ನೆನಪಾಗುತ್ತದೆ. ಆಷಾಢದ ಕೊನೆ. ದೇವರ ಮನೆಯ ದೀಪಗಳನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ಹರವಿಕೊಂಡು ತಿಕ್ಕುತ್ತಿದ್ದೆ. ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಲ್ಲಿ ಶಾಕವ್ರತ. ತರಕಾರಿ, ಸೊಪ್ಪು, ಹುಣಸೆಹಣ್ಣು, ಮೆಣಸಿನಕಾಯಿ ಯಾವುದೂ ಅಡುಗೆಗೆ ಬರುವಂತಿಲ್ಲ. ಡಬ್ಬದಲ್ಲಿ ಉಳಿದ ಹಳೇ ಹುಣಸೆಹಣ್ಣಿಗೆ ಬೇರೆ ಕೆಲಸವಿಲ್ಲವಲ್ಲ, ಹಾಗಾಗಿ ನಮ್ಮ ಮನೆಯ ದೀಪಗಳು ಆ ಒಂದು ತಿಂಗಳು ಹೊಳೆದಷ್ಟು ಇನ್ಯಾವಾಗಲೂ ಹೊಳೆಯುವುದಿಲ್ಲ.

ಎರಡೂ ಕೈ ಹುಳಿಯಲ್ಲಿದ್ದಾಗ ಫೋನ್ ಬಂತು. ನಮ್ಮ ಯಜಮಾನರು ತಂದು ನನ್ನ ಕಿವಿಗೆ ಹಿಡಿದರು. ಸೋಸಲೆಯಿಂದ ನನ್ನ ವಾರಗಿತ್ತಿ ವನಜಾ. ಅತ್ತೆ ಇರುವುದು ಅವಳ ಜೊತೆ.

"ಅಕ್ಕಾ, ಅತ್ತೆ ಮಡಿನೀರಿನ ಕೊಡ ಎತ್ತಕ್ಕೆ ಹೋಗಿ ಬೆನ್ನು ಹಿಡ್ಕೊಂಡ್ಬಿಟ್ಟಿದಾರೆ. ಬೀಳ್ಲಿಲ್ಲ, ಜಾರ್ಲಿಲ್ಲ. ಒಳಗೆ ಟಕ್ ಅಂತು ಅಂತಾರೆ. ಈಗ ಮಂಚ ಬಿಟ್ಟು ಏಳಕ್ಕಾಗ್ತಿಲ್ಲ."

"ಉಳುಕಿರಬೇಕು ಕಣೇ, ಎಣ್ಣೆ ಹಚ್ಚು."

"ಹಚ್ಚಿದೆ ಅಕ್ಕಾ. ಅತ್ತೆ ಅಳ್ತಿದಾರೆ."

ಆ ಮಾತಿಗೆ ನನ್ನ ಕೈ ನಿಂತಿತು. ಮಾವ ತೀರಿಕೊಂಡ ದಿನ ಬಿಟ್ಟರೆ ಅತ್ತೆ ಅತ್ತದ್ದನ್ನು ನಾನು ಕಂಡಿಲ್ಲ. ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಳಿಗೆ ಬೇಯಿಸಿದ ಹೆಂಗಸು ಅವರು. ದೀಪಗಳನ್ನು ಹಾಗೇ ಬಿಟ್ಟು, ಕೈ ತೊಳೆದು ಹೊರಟೆ.

ಯಜಮಾನರ ಸ್ನೇಹಿತರೊಬ್ಬರ ಕಾರಿನಲ್ಲಿ, ನಂಜನಗೂಡಿನಿಂದ ಟಿ. ನರಸೀಪುರ ದಾಟಿ ಸೋಸಲೆಗೆ. ಸೋನೆ ಮಳೆ. ಹೋಗುವಾಗ ಲೆಕ್ಕಕ್ಕೇ ಬಾರದಿದ್ದ ಉಬ್ಬುಗಳೆಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಬರುವಾಗ ಒಂದೊಂದೂ ಬೆಟ್ಟದಷ್ಟಾದವು. ಪ್ರತಿ ಉಬ್ಬಿಗೂ ಅತ್ತೆ "ನಾರಾಯಣಾ" ಎನ್ನುತ್ತಿದ್ದರು. ನಂಜನಗೂಡು ಬರುವ ಹೊತ್ತಿಗೆ ಅವರೇ, "ಈ ರಸ್ತೆ ಮಾಡಿದೋನಿಗೆ ಪುಣ್ಯ ಬರ್ಲಿ ಕಣೋ. ಇಷ್ಟು ನಾಮಸ್ಮರಣೆ ನಾನು ಯಾವ ಏಕಾದಶೀಲೂ ಮಾಡಿರ್ಲಿಲ್ಲ," ಎಂದು ಮಗನಿಗೆ ಹೇಳಿದರು. ನೋವಿನಲ್ಲೂ ನಾಲಗೆ ಚುರುಕಾಗಿದೆಯಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಒಂದು ಬಿಲ್ಲೆ ಮುಂದಕ್ಕೆ ಕುಸಿದಿತ್ತು.

"ಅಜ್ಜೀ, ಇದು ಉಳುಕಲ್ಲ. ಮೂಳೆ ಒಳಗೊಳಗೇ ಸವೆದು ಟೊಳ್ಳಾಗಿದೆ. ಕೊಡ ಎತ್ತಿದ ಭಾರಕ್ಕೆ ಮುರಿದಿದೆ. ಇದಕ್ಕೆ ಆಸ್ಟಿಯೋಪೊರೋಸಿಸ್ ಅಂತಾರೆ."

"ಹೆಸರೇ ಇಷ್ಟುದ್ದ ಇದ್ಮೇಲೆ ಕಾಯಿಲೆ ಎಷ್ಟುದ್ದ ಇರಬೇಡ!" ಎಂದರು ಅತ್ತೆ.

ಡಾಕ್ಟರಮ್ಮ ನಕ್ಕು, ಏನೇನು ತಿನ್ನಬೇಕೆಂದು ಹೇಳತೊಡಗಿದರು. ದಿನಾ ಸೊಪ್ಪು, ಮೊಸರು, ಹಾಲು, ಬೇಳೆಕಾಳು. ಜೊತೆಗೆ ರಾಗಿ. ಹೊತ್ತಿಗೆ ಸರಿಯಾಗಿ ಬಿಸಿಲು. ನೋವು ಇಳಿದ ಮೇಲೆ ನಡಿಗೆ. ಭಾರ ಎತ್ತಬಾರದು, ಮುಂದಕ್ಕೆ ಬಗ್ಗಬಾರದು. ಅವರು ಹೇಳುತ್ತಾ ಹೋದಂತೆ ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಸೊಪ್ಪು ತರಕಾರಿ ಬಿಡುತ್ತೇವೆ. ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ನಮ್ಮ ವ್ರತವನ್ನು ಯಾರೋ ಆ ತಾಯಿಗೆ ಮೊದಲೇ ಹೇಳಿಕೊಟ್ಟು, ಅದನ್ನೇ ತಿರುಗಿಸಿ ಹೇಳಿ ಎಂದು ಕಳಿಸಿದ ಹಾಗಿತ್ತು!

ಅತ್ತೆ ಡಾಕ್ಟರಮ್ಮನನ್ನು ಕೇಳಿದರು. "ಕಾರ್ತೀಕದಲ್ಲಿ ಉತ್ಥಾನ ದ್ವಾದಶಿ ಬರುತ್ತೆ ತಾಯಿ. ಅವತ್ತಿಗೆ ವ್ರತ ಮುಗಿಯುತ್ತೆ. ತುಳಸಿ ಸುತ್ತ ನನ್ನ ಕಾಲ ಮೇಲೆ ಪ್ರದಕ್ಷಿಣೆ ಬರ್ತೀನೋ ಇಲ್ವೋ, ಅಷ್ಟು ಹೇಳಿ. ಮಿಕ್ಕಿದ್ದು ನನಗೆ ಬೇಡ."

"ನಾನು ಹೇಳಿದ ಹಾಗೆ ತಿಂದ್ರೆ ಬರ್ತೀರಿ. ತಿನ್ನದೆ ಹೋದ್ರೆ ಇನ್ನೊಂದು ಬಿಲ್ಲೆ ಕುಸಿಯುತ್ತೆ ಅಜ್ಜೀ. ಆಮೇಲೆ ಮಂಚವೇ ಗತಿ ಆಗಬಹುದು."

ಮಾತ್ರೆಗಳ ಮಾತು ಬಂದಾಗ ಅತ್ತೆ ಮುಖ ಗಂಟಿಕ್ಕಿದರು. ವಾರಕ್ಕೊಂದು ಮಾತ್ರೆ ಇದೆ ಎಂದರು ಡಾಕ್ಟರಮ್ಮ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಒಂದು ಲೋಟ ಬರಿ ನೀರಿನ ಜೊತೆ ನುಂಗಬೇಕು. ಕಾಫಿ ಕೂಡದು, ಹಾಲು ಕೂಡದು. ನುಂಗಿದ ಮೇಲೆ ಅರ್ಧ ಗಂಟೆ ಏನೂ ತಿನ್ನದೆ ನೆಟ್ಟಗೆ ಕೂತಿರಬೇಕು, ಒರಗಬಾರದು, ಮಲಗಬಾರದು. ಕೇಳುತ್ತಾ ಕೇಳುತ್ತಾ ಅತ್ತೆಯ ಗಂಟು ಬಿಚ್ಚಿತು.

"ಇದು ಮಾತ್ರೆ ಅಲ್ಲ ಕಣೇ ಸುಶೀಲಾ, ಮಡಿ! ಇಷ್ಟು ನಿಯಮ ಇರೋ ಔಷಧಿ ಅಂದ್ರೆ ಏನೋ ಸತ್ವ ಇರಬೇಕು," ಎಂದು ನನ್ನ ಕಿವಿಯಲ್ಲಿ ಹೇಳಿದರು. ನೋವು ತಗ್ಗಿ ಕೂರುವಂತಾದ ಮೇಲೆ ಗುರುವಾರ ಅಂತ ಅವರೇ ಗೊತ್ತು ಮಾಡಿದರು, ರಾಯರ ದಿನ. ಗುರುವಾರದ ಬೆಳಿಗ್ಗೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕುರ್ಚಿಯಲ್ಲಿ ಕಂಬದ ಹಾಗೆ ಕೂತು ಬಾಯಿಪಾಠದ ಸ್ತೋತ್ರಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಅರ್ಧ ಗಂಟೆಯಾಯಿತು ಎಂದು ನಾನು ಕಾಫಿ ತಂದರೆ, "ತಾಳೇ, ಇನ್ನೊಂದು ಮಂಗಳ ಇದೆ," ಎನ್ನುವರು.

ಆಸ್ಪತ್ರೆಗೆ ಹೋದ ಆ ದಿನವೇ ಡಾಕ್ಟರಮ್ಮ ನನ್ನ ಕಡೆಯೂ ತಿರುಗಿದ್ದರು. ಮುಟ್ಟು ನಿಂತು ಎಷ್ಟು ವರ್ಷವಾಯಿತು, ಊಟ ಏನು ಎಂದೆಲ್ಲ ಕೇಳಿ ನನ್ನ ಮೂಳೆಯನ್ನೂ ಯಂತ್ರದಲ್ಲಿ ನೋಡಿಸಿದರು. ನನ್ನದು ಅತ್ತೆಯಷ್ಟು ಕೆಟ್ಟಿಲ್ಲ, ಆದರೆ ಸವೆಯಲು ಶುರುವಾಗಿದೆ ಎಂದರು.

"ಮನೇಲಿ ಹಾಲು ಮೊಸರು ಇರುತ್ತಲ್ಲಮ್ಮ, ನೀವು ತಗೊಳಲ್ವಾ?"

"ಎಲ್ಲರಿಗೂ ಬಡಿಸಿದ ಮೇಲೆ ಉಳಿದಿದ್ರೆ," ಎಂದೆ. ಸಹಜವಾಗಿ ಬಾಯಿಗೆ ಬಂದ ಮಾತು. ಪಕ್ಕದ ಮಂಚದಲ್ಲಿ ಮಲಗಿದ್ದ ಅತ್ತೆ ಅದನ್ನು ಕೇಳಿಸಿಕೊಂಡು ನನ್ನನ್ನೇ ನೋಡಿದರು. ಕೊನೆಯಲ್ಲಿ ಊಟ ಮಾಡುವುದನ್ನು ನನಗೆ ಕಲಿಸಿದ್ದು ಅವರೇ. ಅವರಿಗೆ ಅವರ ಅತ್ತೆ ಕಲಿಸಿದ್ದರು.

ಚಿಕಿತ್ಸೆಗೆ ಹತ್ತಿರವೆಂದು ಅತ್ತೆ ನಮ್ಮಲ್ಲೇ ಉಳಿದರು. ಮಹಡಿ ಇಲ್ಲದ ಮನೆ, ಎತ್ತರದ ಕಮೋಡು, ಕೂಗಿದರೆ ಓಡಿಬರುವ ಅಕ್ಕಪಕ್ಕದವರು. ಇವೆಲ್ಲ ಸಣ್ಣ ಸಂಗತಿಗಳೇ ಇರಬಹುದು. ಬೆನ್ನು ಮುರಿದವರು ಮನೆಗೆ ಬಂದಾಗ ಇವು ದೇವರು ಮೊದಲೇ ಸಿದ್ಧ ಮಾಡಿಟ್ಟ ಅನುಕೂಲಗಳು ಎಂದು ನನಗೆ ಗೊತ್ತಾಯಿತು. ಆ ವರ್ಷ ಕಪಿಲೆ ತುಂಬಿ ಹರಿದಳು. ಯಜಮಾನರು ಬೆಳಿಗ್ಗೆ ಕೊಡೆ ಹಿಡಿದು ಹೊಳೆ ನೋಡಿಕೊಂಡು ಬಂದು, ಸ್ನಾನಘಟ್ಟದ ಯಾವ ಮೆಟ್ಟಿಲವರೆಗೆ ನೀರು ಬಂದಿದೆ ಎಂದು ಮಂಚದ ಪಕ್ಕ ನಿಂತು ತಾಯಿಗೆ ವರದಿ ಒಪ್ಪಿಸುತ್ತಿದ್ದರು. ಬಿಸಿಲಿಗೆ ಮಾತ್ರ ಬರ. ನೋವು ತುಸು ತಗ್ಗಿದ ಮೇಲೆ, ಮೋಡ ಸರಿದು ಒಂದಿಷ್ಟು ಬೆಳಕು ಬಿದ್ದರೆ, "ಬಂದ ಬಂದ, ಸೂರ್ಯನಾರಾಯಣ ಬಂದ, ಎಬ್ಬಿಸ್ರೇ ನನ್ನ," ಎಂದು ಅತ್ತೆ ಕೂಗುವರು. ನಾನು ಒಂದು ಕಡೆ, ಹಾಲಿನ ಚಿಕ್ಕತಾಯಮ್ಮ ಒಂದು ಕಡೆ ಹಿಡಿದು ಹಿತ್ತಲಿಗೆ ಕರೆದೊಯ್ಯುವುದು. ಚಿಕ್ಕತಾಯಮ್ಮ ಹೆಡತಲೆ ಊರಿನ ಕಡೆಯವಳು, ಹಿಂದಿನ ಬೀದಿಯಲ್ಲಿ ಹಸು ಕಟ್ಟಿದ್ದಾಳೆ. ಹಾಲು ಕೊಟ್ಟು ಹೋಗಲು ಬಂದವಳು ಅತ್ತೆಯ ಜೊತೆ ಮಾತಿಗೆ ಕೂತರೆ ಹಸು ಕೂಗಿದಾಗಲೇ ಏಳುವುದು.

ಶಾಕವ್ರತದ ತಿಂಗಳು ಅತ್ತೆ ಮಲಗಿದ್ದಂತೆಯೇ ಮುಗಿಯಿತು. ಯಜಮಾನರು ಊರಿನ ಮಠದ ಹಿರಿಯರೊಬ್ಬರಿಗೆ ಫೋನ್ ಮಾಡಿ ಕೇಳಿದ್ದರು. ವಯಸ್ಸಾದವರಿಗೆ, ಕಾಯಿಲೆಯವರಿಗೆ ವ್ರತದ ಕಟ್ಟು ಇಲ್ಲ, ಧಾರಾಳವಾಗಿ ತಿನ್ನಲಿ ಎಂದಿದ್ದರು. ಅದನ್ನು ಅತ್ತೆಗೆ ಹೇಳಿದರೆ, "ಅವರು ಹೇಳಿದ್ದು ವಯಸ್ಸಾದೋರಿಗೆ ಅಲ್ವೇನೋ? ನನಗೇನಾಗಿದೆ?" ಎಂದು ಬಾಯಿ ಮುಚ್ಚಿಸಿದರು.

ಆದರೂ ಎರಡನೆಯ ತಿಂಗಳು ಬಂದಾಗ ನನಗೆ ಧೈರ್ಯ. ಮೊಸರು ಒಂದು ಬಿಟ್ಟರೆ ಆಯಿತು, ಹಾಲು ಕುಡಿಯಬಹುದು, ಸೊಪ್ಪು ತಿನ್ನಬಹುದು. ಹಿತ್ತಲ ಚಕ್ರಮುನಿ ಕುಯ್ದು, ಮಾರ್ಕೆಟ್ಟಿನಿಂದ ದಂಟು, ಹೊನಗನ್ನೆ ತರಿಸಿ, ದಿನಕ್ಕೊಂದು ಪಲ್ಯ, ಕಾಯಿತುರಿ ಮುಂದಾಗಿ ಹಾಕಿ ಮಾಡಿದೆ. ಅತ್ತೆ ಅನ್ನ, ಹೆಸರುಬೇಳೆ ತೊವ್ವೆ, ಹಾಲು ತೆಗೆದುಕೊಳ್ಳುವರು. ಪಲ್ಯ ತಟ್ಟೆಯ ಅಂಚಿನಲ್ಲಿ ಹಾಗೇ ಉಳಿಯುವುದು. "ಮಲಗಿರೋಳಿಗೆ ಜೀರ್ಣ ಆಗಬೇಕಲ್ಲೇ," ಎನ್ನುವರು. ನಾನು ನಂಬಿದೆ. ಕೆನ್ನೆ ಇಳಿಯುತ್ತಿತ್ತು, ಎಬ್ಬಿಸಿ ನಿಲ್ಲಿಸಿದರೆ ತೊಡೆ ನಡುಗುತ್ತಿತ್ತು. ದ್ವಾದಶಿಯ ಪ್ರದಕ್ಷಿಣೆ ಇರಲಿ, ಬಚ್ಚಲವರೆಗೆ ತಾವೇ ನಡೆದರೆ ಸಾಕಪ್ಪಾ ಎಂದು ಹರಕೆ ಹೊರುವ ಸ್ಥಿತಿ ನನ್ನದು.

ಗುಟ್ಟು ಬಿಟ್ಟದ್ದು ಚಿಕ್ಕತಾಯಮ್ಮ. ಹಾಲು ಅಳೆಯುತ್ತಾ, ದನಿ ತಗ್ಗಿಸಿ ಹೇಳಿದಳು. "ಅಮ್ಮಾರೇ, ನೀವು ಸೊಪ್ಪು ಬೇಯ್ಸಿ ಬೇಯ್ಸಿ ಯಾಕ್ ಸುಸ್ತಾಯ್ತೀರಿ? ದೊಡ್ಡಮ್ಮಾರು ಮುಟ್ಟಾಕಿಲ್ವಂತೆ. ಅದೇನೋ ದಾನ ಕೊಟ್ಟಿಲ್ವಂತಲ್ಲ."

ನನಗೆ ಆಗ ಹೊಳೆಯಿತು. ಒಂದು ತಿಂಗಳು ಬಿಟ್ಟ ಪದಾರ್ಥವನ್ನು ತಿಂಗಳ ಕೊನೆಯ ದ್ವಾದಶಿಯಲ್ಲಿ ಮೊದಲು ದಾನ ಕೊಟ್ಟು ಆಮೇಲೆ ತಿನ್ನುವುದು ನಮ್ಮ ಪದ್ಧತಿ. ತರಕಾರಿಯ ದಾನದ ದಿನ ಅತ್ತೆ ಮಲಗಿದಲ್ಲಿಂದ ಏಳುವಂತಿರಲಿಲ್ಲ. ನಮ್ಮದನ್ನು ಕೊಟ್ಟಿದ್ದೆವು, ಅವರ ದಾನದ ಮಾತೇ ನಾವ್ಯಾರೂ ಎತ್ತಿರಲಿಲ್ಲ. ಅವರು ಎರಡನೆಯ ವ್ರತವನ್ನು ಮನಸ್ಸಿನಲ್ಲೇ ಶುರು ಮಾಡಿ, ಮೊದಲನೆಯದನ್ನೂ ಬಿಡದೆ ಉಳಿಸಿಕೊಂಡಿದ್ದರು. ಸೊಪ್ಪೂ ಇಲ್ಲ, ಮೊಸರೂ ಇಲ್ಲ. ಇನ್ನು ಮುಂದಿನ ತಿಂಗಳು ಹಾಲು, ಅದರಾಚೆ ಬೇಳೆ. ಹೀಗೆ ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಕಾರ್ತೀಕಕ್ಕೆ ಈ ಜೀವ ಬರೀ ಅನ್ನದ ಮೇಲೆ ನಿಲ್ಲಬೇಕು!

ಕೈಯಲ್ಲಿ ಹಾಲಿನ ಪಾತ್ರೆ ಹಿಡಿದೇ ಅವರ ಕೋಣೆಗೆ ಹೋದೆ.

"ಸಂಕಲ್ಪಕ್ಕೆ ಮನಸ್ಸು ಸಾಕು ಕಣೇ, ದಾನಕ್ಕೆ ಕೈ ಬೇಕು," ಎಂದರು ಅತ್ತೆ, ಗೋಡೆ ನೋಡುತ್ತಾ. "ಸ್ನಾನ ಮಾಡಿ, ನೆಲದ ಮೇಲೆ ಮಣೆ ಹಾಕ್ಕೊಂಡು ಕೂತು, ಎದುರಿಗಿರೋರ ಕೈಗೆ ಕೊಡಬೇಕು. ನನಗೆ ನೆಲ ಎಲ್ಲಿ ಎಟುಕುತ್ತೆ? ಬಂದೋಳು ಮಲ್ಕೊಂಡು ನಿಮಗೆಲ್ಲ ಭಾರ ಆಗಿದೀನಿ. ಅದರ ಮೇಲೆ ಇದೊಂದು ಹೇಳ್ಲಾ?"

ಸಿಟ್ಟು ಬಂತು. ಅಳುವೂ ಬಂತು. "ಸರಿ ಅತ್ತೆ. ನೀವು ತಿನ್ನದ್ದನ್ನ ಇವತ್ತಿಂದ ನಾನೂ ತಿನ್ನಲ್ಲ. ಸೊಪ್ಪು ಬೇಡ, ಮೊಸರು ಬೇಡ. ಮುಂದಿನ ತಿಂಗಳು ಹಾಲೂ ಬೇಡ."

"ಹುಚ್ಚೇ ನಿನಗೆ? ಮೂಳೆ ಸವೀತಿದೆ ಅಂತ ಡಾಕ್ಟರಮ್ಮ ನಿನ್ನ ಮುಖಕ್ಕೇ ಹೇಳ್ಲಿಲ್ವೇ?"

"ನಿಮ್ಮ ಮುಖಕ್ಕೆ ಹೇಳ್ಲಿಲ್ವೇ?"

ಅತ್ತೆ ಗೋಡೆ ಬಿಟ್ಟು ನನ್ನ ಕಡೆ ಮುಖ ತಿರುಗಿಸಿದರು. "ಆಚಾರ್ರನ್ನ ಕರೆಸು. ಕುರ್ಚಿ ಮೇಲೆ ಕೂತು ಕೊಟ್ರೆ ತಗೋತಾರೋ ಕೇಳು," ಎಂದರು.

ಪಕ್ಕದ ಬೀದಿಯ ಪುರೋಹಿತರು, ವೆಂಕಣ್ಣಾಚಾರ್ರು, ಮಾರನೆಯ ಬೆಳಿಗ್ಗೆಯೇ ಬಂದರು. ಅತ್ತೆಗೆ ಬಿಸಿನೀರು ಹಾಕಿ, ಮಡಿಸೀರೆ ಉಡಿಸಿ, ನಡುಮನೆಯಲ್ಲಿ ಕುರ್ಚಿಯಲ್ಲಿ ಕೂರಿಸಿದ್ದೆವು. ಎದುರಿಗೆ ಆಚಾರ್ರಿಗೆ ಮಣೆ ಹಾಕಿದ್ದೆ. ಅವರು ಮಣೆ ನೋಡಿದರು, ತಮ್ಮ ಮಂಡಿ ನೋಡಿಕೊಂಡರು.

"ತಾಯೀ, ಒಂದು ಮಾತು. ಈ ಮಣೆ ಮೇಲೆ ಕೂತರೆ ನನ್ನನ್ನ ಎಬ್ಬಿಸೋಕೆ ಇಬ್ಬರು ಬೇಕು. ನನಗೂ ಒಂದು ಕುರ್ಚಿ ಸಿಗಬಹುದಾ?"

ಅತ್ತೆ ಮೊದಲು ಬಾಯಿಗೆ ಸೆರಗು ಹಿಡಿದರು, ಆಮೇಲೆ ತಡೆಯಲಾರದೆ ನಕ್ಕರು. "ನಗಿಸಬೇಡಿ ಆಚಾರ್ರೇ, ಬೆನ್ನು ನೋಯುತ್ತೆ!" ಯಜಮಾನರು ಊಟದ ಮೇಜಿನ ಕುರ್ಚಿ ತಂದಿಟ್ಟರು. ಎದುರು ಬದುರು ಇಬ್ಬರೂ ಕುರ್ಚಿಯಲ್ಲಿ ಕೂತು, ಆಚಾರ್ರು ಮಂತ್ರ ಹೇಳಿ, ಅತ್ತೆ ಕುಂಬಳಕಾಯಿ, ಬಾಳೆಕಾಯಿ, ದಂಟಿನ ಸೊಪ್ಪಿನ ಕಟ್ಟು ಇಟ್ಟ ಮೊರವನ್ನು ಮುಟ್ಟಿ, ನೀರು ಬಿಟ್ಟರು. ಭಾರ ಎತ್ತುವಂತಿಲ್ಲವಲ್ಲ, ಮೊರ ಹಿಡಿದದ್ದು ನಾನು. "ಶಾಸ್ತ್ರಕ್ಕೆ ಇಷ್ಟು ಸಾಕಾ?" ಎಂದು ಅತ್ತೆ ಕೇಳಿದರು. "ಮನಸ್ಸು ಬಗ್ಗಿದ್ರೆ ಸಾಕು ತಾಯಿ, ಬೆನ್ನು ಬಗ್ಗೋದು ಬೇಕಿಲ್ಲ," ಎಂದರು ಆಚಾರ್ರು. ಮುಂದಿನ ತಿಂಗಳುಗಳ ದಾನಕ್ಕೂ ಹೀಗೇ ಬರುವೆನೆಂದು ಮಾತು ಕೊಟ್ಟು, ಕುಂಬಳಕಾಯಿ ಹೊರಲು ಯಜಮಾನರನ್ನೇ ಜೊತೆಗೆ ಕರೆದುಕೊಂಡು ಹೋದರು.

ಅವತ್ತು ಮಧ್ಯಾಹ್ನ ಅತ್ತೆಯ ತಟ್ಟೆಗೆ ಹೊನಗನ್ನೆ ಪಲ್ಯ ಬಡಿಸಿದೆ. ಅವರು ಕೈ ಹಾಕಲಿಲ್ಲ.

"ಇನ್ನೇನು ಅತ್ತೆ?"

"ನಿನ್ನ ತಟ್ಟೆ ಎಲ್ಲಿ?"

"ನಾನು ಆಮೇಲೆ..."

"ಆಮೇಲೆ ಇಲ್ಲ, ಈಮೇಲೆ ಇಲ್ಲ. ನೀನು ತಟ್ಟೆ ಹಾಕ್ಕೊಂಡು ಕೂರೋವರೆಗೆ ನಾನು ತುತ್ತು ಎತ್ತಲ್ಲ. ಕೊನೇಲಿ ತಿನ್ನು ಅಂತ ಹೇಳಿದ ಬಾಯೇ ಈಗ ಹೇಳ್ತಿದೆ, ಕೇಳು."

ಕೂತೆ. ಮದುವೆಯಾದ ಮೇಲೆ ಬಿಸಿ ಅನ್ನಕ್ಕೆ ಬಿಸಿ ಪಲ್ಯ ಕಲಸಿ ತಿಂದದ್ದು ಬೆರಳೆಣಿಕೆಯಷ್ಟು ಸಲ, ಅಂದು ತಿಂದದ್ದು ಮಾತ್ರ ನಾಲಗೆಯ ಮೇಲೆ ಇನ್ನೂ ಇದೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊಟದ ಹೊತ್ತು ತಮಾಷೆಯ ಹೊತ್ತಾಯಿತು. ಅತ್ತೆ ನನ್ನ ತಟ್ಟೆ ಕಾಯುವರು, ನಾನು ಅವರ ತಟ್ಟೆ ಕಾಯುವೆ. ಯಜಮಾನರು ತಾವೇ ಬಡಿಸಿಕೊಳ್ಳುವುದನ್ನು ಕಲಿತರು. ಸಾರಿನ ಸೌಟು ಯಾವುದು, ಹುಳಿಯ ಸೌಟು ಯಾವುದು ಎಂದು ಅವರಿಗೆ ಗೊತ್ತಾದದ್ದು ಆ ಮಳೆಗಾಲದಲ್ಲೇ. ಒಂದು ದಿನ ಅತ್ತೆ ಕೂತಲ್ಲಿಂದಲೇ ನನ್ನ ತಟ್ಟೆಗೆ ಇನ್ನೊಂದಿಷ್ಟು ಸೊಪ್ಪು ಹಾಕುವುದನ್ನು ಕಂಡು ಚಿಕ್ಕತಾಯಮ್ಮ ಗಲ್ಲಕ್ಕೆ ಕೈ ಕೊಟ್ಟು ನಿಂತಳು.

"ಸೊಸೆಗೆ ಅತ್ತೆ ಬಡ್ಸೋದ ನಾ ಕಂಡಿದ್ದು ಇದೇ ಮೊದ್ಲು ಕಣ್ರಮ್ಮ. ನಮ್ಮತ್ತೆ ಬದುಕಿದ್ದಾಗ ನಿಮ್ಮತ್ತೆ ಬೆನ್ನು ಮುರೀಬಾರ್ದಿತ್ತಾ, ಕರ್ಕಬಂದು ತೋರುಸ್ತಿದ್ದೆ!"

"ಥೂ ನಿನ್ನ, ಬಿಡ್ತು ಅನ್ನೇ," ಎಂದು ಅತ್ತೆ ನಗುತ್ತಲೇ ಬೈದರು.

ಮೂರನೆಯ ತಿಂಗಳು ಹಾಲು ಹೋಯಿತು, ಮೊಸರು ಬಂತು. ಆಚಾರ್ರು ಬಂದು ಕುರ್ಚಿಯಲ್ಲಿ ಕೂತು ಮೊಸರಿನ ದಾನ ತೆಗೆದುಕೊಂಡಿದ್ದರು. ರಾಗಿ ಅರಳಿಸಿ ಬೀಸಿದ ಹುರಿಹಿಟ್ಟನ್ನು ಮೊಸರಿನಲ್ಲಿ ಕಲಸಿ, ಬೆಲ್ಲ ಹಾಕಿ ಬೆಳಿಗ್ಗೆ ಕೊಡುವೆ. ಅದನ್ನು ತಿಂದು ಅತ್ತೆ ಗೋಡೆ ಹಿಡಿದು ನಡುಮನೆ ದಾಟಿದರು. ನವರಾತ್ರಿಯ ಹೊತ್ತಿಗೆ ಕೋಲು ಹಿಡಿದು ಬಾಗಿಲವರೆಗೆ. ಮಳೆ ಹಿಂದಾಯಿತು, ಬಿಸಿಲು ಬೇಡಬೇಡವೆಂದರೂ ಹಿತ್ತಲಿಗೆ ಬಂತು. ನಾಲ್ಕನೆಯ ತಿಂಗಳು ಬೇಳೆಕಾಳು ಬಿಟ್ಟು ಹಾಲು, ಮೊಸರು, ಸೊಪ್ಪು ಮೂರೂ ತಟ್ಟೆಗೆ ಬಂದಾಗ, "ಈ ತಿಂಗಳು ನಾನು ಮಹಾರಾಣಿ ಕಣೇ," ಎಂದರು. ಒಂದು ಸಂಜೆ ನಾವಿಬ್ಬರೂ ಕೈ ಹಿಡಿದುಕೊಂಡು ಹೊಳೆಯ ದಂಡೆಯವರೆಗೆ ಹೋಗಿ ಬಂದೆವು. ಕಪಿಲೆ ಇಳಿದಿದ್ದಳು, ಮೆಟ್ಟಿಲುಗಳು ತೊಳೆದಿಟ್ಟ ಹಾಗೆ ಹೊರಗೆ ಕಾಣುತ್ತಿದ್ದವು. ಇಳಿಯಲು ಅತ್ತೆಗೆ ಆಸೆ. "ಮೇಲಿಂದಲೇ ಕೈ ಮುಗೀರಿ," ಎಂದೆ. ಮುಗಿದರು. ಡಾಕ್ಟರಮ್ಮ ನೋಡಿ, ಮುರಿದ ಬಿಲ್ಲೆ ಕೂಡಿಕೊಂಡಿದೆ, ಕುಸಿದದ್ದು ಮೊದಲಿನ ಎತ್ತರಕ್ಕೆ ಬರುವುದಿಲ್ಲ, ಮಾತ್ರೆ ಊಟ ಎರಡೂ ಬಿಡಬೇಡಿ ಎಂದರು. ಒಂದು ಅಂಗುಲ ಕುಳ್ಳಗಾಗಿದ್ದರೇನಂತೆ, ನಿಂತಿದ್ದರು.

ಉತ್ಥಾನ ದ್ವಾದಶಿಗೆ ವನಜಾ, ಮೈದುನ ಸೋಸಲೆಯಿಂದ ನಸುಕಿನಲ್ಲೇ ಬಂದರು. ಆ ದಿನ ಏಕಾದಶಿಯ ಉಪವಾಸ ಬಿಡುವ ಪಾರಣೆಗೆ ಬೇಕಾದಷ್ಟು ಹೊತ್ತಿತ್ತು. ಹಿತ್ತಲ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ನೆಟ್ಟು, ಸುತ್ತ ಹಣತೆ ಹಚ್ಚಿದ್ದೆವು. ಪೂಜೆ ಆಯಿತು, ಬೇಳೆಯ ದಾನವೂ ಆಯಿತು. ಅತ್ತೆ ಕೋಲನ್ನು ವನಜಾಳ ಕೈಗೆ ಕೊಟ್ಟರು. ಯಜಮಾನರು ಹಿಡಿಯಲು ಮುಂದೆ ಬಂದರೆ, "ದೂರ ಇರೋ," ಎಂದರು. ಬಲಗೈಯ ಬೆರಳ ತುದಿಯನ್ನು ಕಟ್ಟೆಗೆ ಮುಟ್ಟಿಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಸುತ್ತು ಬಂದರು. ಒಂದು ಸುತ್ತು. ಇನ್ನೊಂದು. ಮೂರನೆಯದರಲ್ಲಿ ನಮಗೆಲ್ಲ ಉಸಿರೇ ಇಲ್ಲ. ಅವರಿಗೆ ಮಾತ್ರ ಏದುಸಿರೂ ಇಲ್ಲ, ತುಟಿಯಲ್ಲಿ ನಾಮ.

ನಮಸ್ಕಾರಕ್ಕೆಂದು ನಾನು ಚಾಪೆ ಹಾಸಲು ಹೋದೆ, ಅಭ್ಯಾಸಬಲ. "ಬೇಡ, ಬಗ್ಗೋ ಹಾಗಿಲ್ಲ," ಎಂದರು. ಕಟ್ಟೆಯ ಎದುರು ನೆಟ್ಟಗೆ ನಿಂತು ಕೈ ಜೋಡಿಸಿದರು. ತುಳಸಿಯ ತೆನೆ ಅವರ ಮುಖಕ್ಕೆ ಸರಿಯಾಗಿತ್ತು.

"ಇಷ್ಟು ವರ್ಷ ನಿನ್ನ ಬುಡಕ್ಕೆ ತಲೆ ತಾಗಿಸಿ, ಕೆಲಸ ಇದೆ ಅಂತ ಎದ್ದು ಓಡ್ತಿದ್ದೆ ತಾಯಿ," ಎಂದರು. "ಮುಖ ನೋಡೇ ಇರ್ಲಿಲ್ಲ. ಎಷ್ಟು ಲಕ್ಷಣವಾಗಿದೀಯೇ!"

ವನಜಾ ಬಿಕ್ಕಿದಳು. ಮೈದುನ ಹಣತೆಯ ಎಣ್ಣೆ ನೋಡುವ ನೆಪದಲ್ಲಿ ಆ ಕಡೆ ತಿರುಗಿದ. ಅತ್ತೆ ನಮ್ಮೆಲ್ಲರನ್ನೂ ಒಂದು ಸಲ ನೋಡಿದರು.

"ಎಲ್ಲಾ ಯಾಕೆ ಹೀಗೆ ನಿಂತಿದೀರಿ? ಪಾರಣೆ ಹೊತ್ತಾಯ್ತು. ಸುಶೀಲಾ, ಬೇಳೆ ಇಡೇ. ಗಟ್ಟಿಯಾಗಿರ್ಲಿ, ನಮ್ಮಿಬ್ಬರಿಗೂ ಹಸಿವಾಗಿದೆ."

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು, ತೊಗರಿಬೇಳೆ ತೊಳೆಯಲು ಒಳಗೆ ಹೋದೆ.